ಹತ್ತು ನಿಮಿಷ ಯಾರೂ ನೋಡದಿದ್ದರೆ

"ಅಕ್ಕಾರ, ನಿಮ್ಮ ಕಂಪ್ಯೂಟರ್ ಕಣ್ಣಿಗೂ ನನ್ನಂಗ ಚಾಳೀಸ ಬೇಕಾಗೇತೇನ್ರಿ?" ಮಾಳಿಂಗಪ್ಪ ಫೋನಿನಲ್ಲಿ ನಕ್ಕ. "ನಾ ಎಂಟೂ ಇಪ್ಪತ್ತಕ್ಕ ನಲವತ್ತಾರ ಸಾವಿರ ಅಂತ ಬರದೇನಿ. ನಿಮ್ಮ ಪುಟದಾಗ ಇನ್ನೂ ನಾಲ್ಕ ಸಾವಿರ ಅಂತನ ಐತಿ."

ಸುರೇಖಾ ಗಡಿಯಾರ ನೋಡಿದಳು. ಹತ್ತು ನಲವತ್ತು. ಮಾಳಿಂಗಪ್ಪ ಭೀಮಾ ನದಿಯ ಬ್ಯಾರೇಜೊಂದರ ಕಾವಲುಗಾರ. ಗೇಟು ಎತ್ತಿದಾಗಲೆಲ್ಲ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬುದನ್ನು ಅವನು ಮೊಬೈಲಿನಲ್ಲಿ ತುಂಬುತ್ತಾನೆ. ಅದನ್ನು ಕೆಳಗಿನ ಹನ್ನೊಂದು ಊರುಗಳಿಗೆ ತೋರಿಸುವ ಪುಟ ಸುರೇಖಾಳದು. ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ಈ ಮಾಳಿಗೆಯ ಕೋಣೆಯಲ್ಲಿ ಕೂತು ಮಾಡಿದ್ದು. ಬಿಟ್ಟ ನೀರು ಅವಳ ಊರು ಮುಟ್ಟಲು ಎರಡೂವರೆ ತಾಸು; ಎಂಟು ಇಪ್ಪತ್ತಕ್ಕೆ ಬಿಟ್ಟದ್ದು ಹತ್ತು ಐವತ್ತಕ್ಕೆ. ನಾಲ್ಕು ಸಾವಿರವೆಂದರೆ ಮೊಣಕಾಲಿನವರೆಗೆ ನೀರು. ನಲವತ್ತಾರು ಸಾವಿರವೆಂದರೆ ದಂಡೆಯ ಮೇಲಿನ ಜಾಲಿಗಿಡಗಳೂ ಕಾಣುವುದಿಲ್ಲ. ಪುಟ ಬರುವ ಮೊದಲು ಮಾಳಿಂಗಪ್ಪ ಊರೂರಿಗೆ ಫೋನ್ ಮಾಡಿ ಹೇಳುತ್ತಿದ್ದ. ಈಗ ಯಾರಿಗೂ ಮಾಡುವುದಿಲ್ಲ.

ಅವನು ತುಂಬಿ ಬಟನ್ ಒತ್ತುವುದನ್ನು ಮರೆತಿರಬೇಕು ಎಂದುಕೊಂಡು ಅವಳು ಡೇಟಾಬೇಸ್ ತೆರೆದಳು. ಎಂಟು ಇಪ್ಪತ್ತು, ನಲವತ್ತಾರು ಸಾವಿರ. ಮಾಳಿಂಗಪ್ಪ ಏನನ್ನೂ ಮರೆತಿರಲಿಲ್ಲ. ಪುಟ ತೆರೆದಳು. ನಾಲ್ಕು ಸಾವಿರ, ಹಸಿರು ಅಕ್ಷರದಲ್ಲಿ. ಮತ್ತೊಮ್ಮೆ ತೆರೆದಳು. ರೆಪ್ಪೆ ಬಡಿಯುವಷ್ಟರಲ್ಲಿ ಅದೇ ನಾಲ್ಕು ಸಾವಿರ. ಆ ವೇಗದ ಬಗ್ಗೆ ಅವಳಿಗೆ ನಿನ್ನೆಯವರೆಗೂ ಹೆಮ್ಮೆಯಿತ್ತು.

ಹೋದ ಮಳೆಗಾಲದಲ್ಲಿ ಹನ್ನೊಂದೂ ಊರಿನವರು ಒಟ್ಟಿಗೇ ನೋಡಲು ಹೋಗಿ ಪುಟ ಬಿದ್ದುಹೋಗಿತ್ತು. ಅದಕ್ಕೇ ಅವಳು ಡೇಟಾಬೇಸಿನ ಮುಂದೆ ಕ್ಯಾಶ್ ಕೂರಿಸಿದ್ದಳು: ಒಮ್ಮೆ ಒಳಗೆ ಹೋಗಿ ತಂದ ಉತ್ತರವನ್ನು ಬಾಗಿಲಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ಕೊಡುವ ವ್ಯವಸ್ಥೆ. ಹಳೆಯದಾದ ಉತ್ತರವನ್ನು ಯಾವಾಗ ಎಸೆಯಬೇಕು ಎಂಬುದಕ್ಕೂ ಒಂದು ಸಾಲು ಬರೆದಿದ್ದಳು. ಈಗ ಆ ಸಾಲನ್ನು ಬೆರಳಿಟ್ಟು ಓದಿದಳು. ಹತ್ತು ನಿಮಿಷ ಯಾರೂ ನೋಡದಿದ್ದರೆ ಎಸೆ. ಯಾರಾದರೂ ನೋಡಿದರೆ, ಆಗಿನಿಂದ ಮತ್ತೆ ಹತ್ತು ನಿಮಿಷ ಇಟ್ಟುಕೋ.

ಬೇಸಿಗೆಯಲ್ಲಿ ಅವಳೊಬ್ಬಳೇ ನೋಡಿ ಪರೀಕ್ಷೆ ಮಾಡಿದ್ದಳು. ಎಲ್ಲ ಸರಿಯಿತ್ತು. ಇವತ್ತು ಯಾರೂ ನೋಡದ ಹತ್ತು ನಿಮಿಷ ಇರಲೇ ಇಲ್ಲ. ಬೆಳಿಗ್ಗೆ ಏಳಕ್ಕೆ ಎಲ್ಲ ಊರಿನ ವಾಟ್ಸಾಪ್ ಗುಂಪುಗಳಿಗೂ ಅವಳೇ ಬರೆದಿದ್ದಳು: ಮೇಲೆ ಮಳೆ ಜೋರಿದೆ, ಹೊಲಕ್ಕೆ ನೀರೆತ್ತುವ ಮೋಟಾರ್ ತೆಗೆಯಲು ನದಿಗೆ ಇಳಿಯುವವರು ಐದೈದು ನಿಮಿಷಕ್ಕೊಮ್ಮೆ ಪುಟ ನೋಡುತ್ತಿರಿ. ನೋಡಿದ್ದರು. ಹೆದರಿ ನೋಡಿದ ಪ್ರತಿಯೊಬ್ಬರೂ ಹಳೆಯ ನಾಲ್ಕು ಸಾವಿರಕ್ಕೆ ಇನ್ನೂ ಹತ್ತು ನಿಮಿಷ ಆಯುಷ್ಯ ಕೊಟ್ಟಿದ್ದರು. ಈಗಷ್ಟೇ ಅವಳೂ ಎರಡು ಸಲ ಕೊಟ್ಟಳು.

ಕ್ಯಾಶ್ ಅಳಿಸುವ ಆದೇಶ ಬರೆದು ಒತ್ತಿದಳು. ಪುಟದ ಅಂಕಿ ಕೆಂಪಾಯಿತು. ನಲವತ್ತಾರು ಸಾವಿರ. ಗುಂಪುಗಳಿಗೆ 'ಎಲ್ಲರೂ ಮೇಲೆ ಬನ್ನಿ' ಎಂದು ಕಳಿಸಿ ಅಣ್ಣನಿಗೆ ಫೋನ್ ಹಚ್ಚಿದಳು. ಪರಮಾನಂದ ಬೆಳಿಗ್ಗೆಯೇ ಪಕ್ಕದ ಹೊಲದ ಇಸಾಕನನ್ನು ಕರೆದುಕೊಂಡು ನದಿಗೆ ಇಳಿದಿದ್ದ. ಒಂದೇ ರಿಂಗಿಗೆ ಎತ್ತಿದ.

"ಅಣ್ಣಾ, ಎಲ್ಲಿ ಅದಿ?"

"ಮಡುವಿನ್ಯಾಗ. ಯಾಕ ಹೆದರ್ತಿ? ನೀ ಹೇಳಿದಂಗ ಐದೈದ ನಿಮಿಷಕ್ಕ ನೋಡಾಕತ್ತೇನಿ. ಈಗಷ್ಟ ನೋಡೇನಿ, ಹಸರ ಐತಿ."

"ನೋಡಬ್ಯಾಡ. ಮ್ಯಾಲ ಹತ್ತು. ನೀರ ಬಂತು."

ಅವನು ನಕ್ಕ. ತಂಗಿಯ ಪುಟ ಸುಳ್ಳು ಹೇಳುವುದಿಲ್ಲವೆಂದು ಊರ ಕಟ್ಟೆಯ ಮೇಲೆ ಹೇಳಿಕೊಂಡು ಬಂದವನು ಅವನು. "ಪುಟದಾಗ ಇಲ್ಲದ ನೀರ ಎಲ್ಲಿಂದ ಬರ್ತೈತಿ?"

"ಪುಟ ಸುಳ್ಳ ಐತಿ ಅಣ್ಣಾ. ನಾನ ತಪ್ಪ ಮಾಡೇನಿ. ಮೋಟಾರ್ ಅಲ್ಲೇ ಬಿಡು."

ನಗು ನಿಂತಿತು. ಇಸಾಕ ಮುಳುಗಿ ಪೈಪಿನ ಬೋಲ್ಟ್ ಬಿಚ್ಚುತ್ತಿದ್ದಾನೆ, ಅವನ ನಡುವಿಗೆ ಕಟ್ಟಿದ ಹಗ್ಗ ತನ್ನ ಕೈಯಲ್ಲಿದೆ ಎಂದ. "ತಡಿ, ಜಗ್ಗತೇನಿ." ಆಮೇಲೆ ಫೋನಿನಿಂದ ದೂರದಲ್ಲಿ ಇಸಾಕನ ಹೆಸರು ಕೇಳಿಸಿತು. ಇನ್ನೊಮ್ಮೆ ಕೇಳಿಸಿತು. ಕರೆ ಕಡಿಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಇಂಡಿಯಿಂದ ಊರಿಗೆ ಬಸ್ಸಿನಲ್ಲಿ ಒಂದು ತಾಸು. ಅವಳು ಎದ್ದು ನಿಂತಳು, ಮತ್ತೆ ಕೂತಳು. ಮೊಬೈಲ್ ನಂಬರ್ ಕೊಟ್ಟೇ ಪುಟ ತೆರೆಯಬೇಕು; ಯಾವ ನಂಬರಿನವರು ಯಾವಾಗ ನೋಡಿದರು ಎಂಬ ಪಟ್ಟಿ ತೆರೆದು ಅಣ್ಣನ ನಂಬರನ್ನು ಹುಡುಕಿದಳು. ಹತ್ತು ಇಪ್ಪತ್ತೊಂಬತ್ತು. ಹತ್ತು ಮೂವತ್ನಾಲ್ಕು. ಹತ್ತು ಮೂವತ್ತೊಂಬತ್ತು. ಹತ್ತು ನಲವತ್ನಾಲ್ಕು. ಒಂದು ನಿಮಿಷವೂ ಆಚೀಚೆ ಇಲ್ಲ. ಅಷ್ಟು ಶಿಸ್ತಿನಿಂದ ಅವನು ಬೇರೆ ಯಾರ ಮಾತನ್ನೂ ಕೇಳಿದವನಲ್ಲ.

ಹತ್ತು ನಲವತ್ತೊಂಬತ್ತಕ್ಕೆ ಹೊಸ ಸಾಲು ಬರಲಿಲ್ಲ. ಬೇರೆ ಊರುಗಳವರು ನೋಡುತ್ತಲೇ ಇದ್ದರು. ಪುಟ ಈಗ ಅವರಿಗೆಲ್ಲ ಸರಿಯಾದ ಅಂಕಿಯನ್ನು ರೆಪ್ಪೆ ಬಡಿಯುವಷ್ಟರಲ್ಲಿ ಕೊಡುತ್ತಿತ್ತು. ಅವಳು ಗಡಿಯಾರ ನೋಡಿದಳು. ಹತ್ತು ಐವತ್ನಾಲ್ಕು.

ಅಣ್ಣ ನೋಡದೆ ಹತ್ತು ನಿಮಿಷ ಆಗಿತ್ತು.