ಅವ್ವನ ಪೇಟಿಯ ಒಂದು ಸ್ವರ

ಬಡಿಗರ ಅಂಗಡಿಯಿಂದ ಸರೇಸು ಕುದಿಯುವ ವಾಸನೆ ಬಂದರೆ ನಾನು ಇವತ್ತಿಗೂ ದಾರಿಯಲ್ಲೇ ನಿಂತುಬಿಡುತ್ತೇನೆ.

ಇಳಕಲ್ಲಿನ ಮನೆಯಲ್ಲಿ ಅಪ್ಪ ಹಾರ್ಮೋನಿಯಂ ಪೇಟಿಗಳನ್ನು ರಿಪೇರಿ ಮಾಡುತ್ತಿದ್ದ. ಚರ್ಮದಿಂದ ಮಾಡಿದ ಆ ಅಂಟಿನ ಗಟ್ಟಿ ಚೂರುಗಳನ್ನು ನೆನೆಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಜೇನಿನಂತೆ ಕರಗಿಸುತ್ತಿದ್ದ. "ಈ ನಾತ ಯಾವಾಗ ಹೋಗ್ತೈತೋ ಏನೋ" ಎಂದು ಅಜ್ಜಿ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಅಪ್ಪ ನಗುತ್ತಿದ್ದ. "ಯವ್ವಾ, ಇದು ಬಿಸಿನೀರು ಕಂಡ್ರ ಬಿಡ್ತೈತಿ. ನಾಳೆ ಮತ್ತ ಬಿಚ್ಚಾಕ ದಾರಿ ಇರಬೇಕಲ್ಲ."

ನನ್ನವ್ವ ತೀರಿಕೊಂಡ ವರ್ಷ ಅಪ್ಪ ಅವಳ ಪೇಟಿಯನ್ನು ಬಿಚ್ಚಿದ. ಸೀಳಿದ್ದ ಒಂದು ಹಿತ್ತಾಳೆಯ ಸ್ವರಪಟ್ಟಿಯನ್ನು ಕಿತ್ತು, ಹೊಸದನ್ನು ತರಲು ಬಾಗಲಕೋಟೆಗೆ ಹೋದ. ಅವ್ವನ ಪೇಟಿ ಹಾಗೆ ಹೊಟ್ಟೆ ತೆರೆದುಕೊಂಡು ಬಿದ್ದಿರುವುದು ನನಗೆ ನೋಡಲಾಗಲಿಲ್ಲ. ಶಾಲೆಯ ಕೈಕೆಲಸಕ್ಕೆ ತಂದಿದ್ದ ಬಿಳಿ ಅಂಟನ್ನು ಬಳಿದು, ಹಲಗೆ ಮುಚ್ಚಿ, ಮೇಲೆ ಗುಂಡುಕಲ್ಲು ಹೇರಿದೆ.

ಮರುದಿನ ಬಂದ ಅಪ್ಪ ಬಿಸಿನೀರು ಹನಿಸಿದ, ಕಾಯಿಸಿದ ಚಾಕು ಹಾಯಿಸಿದ. ಹಲಗೆ ಬಿಡಲಿಲ್ಲ. "ಇನ್ನ ಎಬ್ಬಿಸಿದ್ರ ಮರಾನ ಸೀಳ್ತೈತಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

"ಗಟ್ಟಿ ಹತ್ತೈತಿಲ್ಲಪ್ಪಾ?" ಎಂದು ನಾನು ಹೆಮ್ಮೆಯಿಂದ ಕೇಳಿದೆ.

"ಹೂಂ. ಭಾಳ ಗಟ್ಟಿ ಹತ್ತೈತಿ" ಎಂದ ಅಪ್ಪ, ಹೊಸ ಪಟ್ಟಿಯನ್ನು ಕಿಸೆಗೆ ಹಾಕಿಕೊಂಡ.

ಆಮೇಲೆ ಪೇಟಿಯನ್ನು ಮುಂದಿಟ್ಟುಕೊಂಡು ಅವ್ವ ಹಾಡುತ್ತಿದ್ದ ಪದವನ್ನು ನುಡಿಸಿದ. ಆ ಒಂದು ಸ್ವರಕ್ಕೆ ಬೆರಳು ಬಂದಾಗಲೆಲ್ಲ ಬರೀ ಗಾಳಿ ಸುಯ್ಯೆನ್ನುತ್ತಿತ್ತು. ಅಷ್ಟನ್ನು ಮಾತ್ರ ಅಪ್ಪ ಬಾಯಿಂದ ಹಾಡಿದ.