ಅವ್ವನ ಕೈ ಬರುವ ಕೇಬಲ್

"ಅಕ್ಕಾ, ನಿನ್ನಿಯಿಂದ ಅವ್ವನ ಕೈ ಬಂದಿಲ್ಲ. ಅದು ಬರೂತನಾ ನಾ ಉಣ್ಣಂಗಿಲ್ಲ," ಎಂದು ಪುಟ್ಟ ಕಸ್ತೂರಿ ರಿಪೇರಿಗೆ ಬಂದ ಫಕೀರವ್ವನ ಮುಂದೆ ಮುಖ ಊದಿಸಿಕೊಂಡಳು. ಮಸ್ಕತ್‌ನಲ್ಲಿ ದುಡಿಯುವ ಅವಳ ತಾಯಿಯ ಸ್ಪರ್ಶ ದಿನವೂ ಸಂಜೆ ಕೇಬಲ್ಲಿನಲ್ಲಿ ಬರುತ್ತಿತ್ತು. ತುದಿ ಹಿಡಿದರೆ ಸಾಕು.

ಫಕೀರವ್ವ ಮನೆಮನೆಗೆ ಕೇಬಲ್ ಹಂಚುವ ಓಣಿಯ ಸ್ವಿಚ್ಚಿನ ಪೆಟ್ಟಿಗೆ ತೆರೆದಳು. ಬೇರೆ ಕೇಬಲ್ ಹಾಕಿದರೂ ಕಸ್ತೂರಿಯ ಮನೆಯ ಕೇಬಲ್ ಚುಚ್ಚುವ ಪೋರ್ಟಿನ ದೀಪ ಹತ್ತಲಿಲ್ಲ. ಪಕ್ಕದ ಪೋರ್ಟಿಗೆ ಚುಚ್ಚಿದಾಗ ಹಸಿರು ದೀಪ ಮಿನುಗಿತು.

ಇನ್ನೊಬ್ಬರ ಸ್ಪರ್ಶ ತಮಗೆ ತಾಗಬಾರದೆಂದು ರಿಪೇರಿಯವರು ಕೈಗವಸು ಹಾಕಿಕೊಳ್ಳಬೇಕು. ಗಡಿಬಿಡಿಯಲ್ಲಿ ಅವಳು ಅದನ್ನು ಮರೆತು ಬರಿಗೈಯಲ್ಲೇ ಕೇಬಲ್ಲಿನ ತುದಿ ಹಿಡಿದಿದ್ದಳು. ಬೆಚ್ಚನೆಯ ಅಂಗೈಯೊಂದು ಅವಳ ಒರಟು ಬೆರಳುಗಳನ್ನು ತಡವಿ, ಮಗಳ ಕೈಯಲ್ಲವೆಂದು ತಿಳಿದು, ಗಕ್ಕನೆ ನಿಂತಿತು. ತಾಯಿಯಿಲ್ಲದೆ ಬೆಳೆದ ಫಕೀರವ್ವ ನಾಚಿ ಕೈ ಬಿಡುವಷ್ಟರಲ್ಲಿ ಅದು ಅವಳ ಮುಂಗೈಯನ್ನು ಮೆಲ್ಲಗೆ ತಟ್ಟಿತು.

"ಬಂತೇನಕ್ಕಾ?"

"ಬಂತವ್ವಾ," ಎಂದು ಫಕೀರವ್ವ ಕೇಬಲ್ಲನ್ನು ಕಸ್ತೂರಿಯ ಕೈಗಿತ್ತಳು. "ಮೊದ್ಲ ಉಣ್ಣು ಅನ್ನಾಕತ್ತೈತಿ."