ಸ್ಟೀರಿಂಗ್ ಮೇಲಿನ ಬೆರಳು

ಸ್ಟೀರಿಂಗ್ ಬಿಡದೆಯೇ ಮರ್ವಿನ್ ತೋರುಬೆರಳನ್ನಷ್ಟೇ ಮೇಲೆತ್ತಿದ. ಆಸ್ಟ್ರೇಲಿಯಾದ ವಿಂಟನ್ ಊರು ದಾಟಿದ ಮೇಲಿನ ಆ ಬರಿ ಬಯಲಲ್ಲಿ ಎದುರಾದ ಗಾಡಿಯವರು ಹೀಗೆ ಬೆರಳೆತ್ತಿ ವಂದಿಸದೆ ಮುಂದೆ ಹೋಗುವುದಿಲ್ಲ. "ನೋಡಿದ್ಯಾ ಜಂಭಾನ?" ಎಂದು ಗೊಣಗಿದ. "ಅವನೂ ಒಂದ್ ಬೆರಳೆತ್ತಿದ್ರೆ ಅವನ ಗಂಟೇನು ಹೋಗ್ತಿತ್ತು? ಸಿಡ್ನಿಯೋನೇ ಇರ್ಬೇಕು."

ಪಕ್ಕದಲ್ಲಿದ್ದ ಹೆಂಡತಿ ನೋಲೀನ್ ಹಿಂದಿರುಗಿ ನೋಡಿದಳು. ಯಾವ ಗಾಡಿಯೂ ಇರಲಿಲ್ಲ. ರಸ್ತೆಯಂಚಿನಲ್ಲಿ ದನಗಳಿಗೆ ನೀರು ತುಂಬಿಸಿಡುವ ಬಿಳಿ ಟ್ಯಾಂಕೊಂದು ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಬೆಳಿಗ್ಗೆ ಗಾಡಿ ಹಿಂದಕ್ಕೆ ತೆಗೆಯುವಾಗ ಅವಳು ಕೆಳಗೆ ನಿಂತು ಎರಡೂ ಕೈ ಬೀಸಿ ನಿಲ್ಲಿಸೆಂದರೂ ಅವನು ಹಿಂದೆ ಕಟ್ಟಿದ್ದ ಮನೆಯಂಥ ಕ್ಯಾರವಾನನ್ನು ಕಂಬಕ್ಕೆ ತಾಗಿಸಿದ್ದ. ಆಮೇಲೆ ಬೈಸಿಕೊಂಡವಳು ಅವಳೇ.

"ಮರ್ವ್, ನಿಲ್ಸು. ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ. ಇನ್ನು ನಾನು ಓಡಿಸ್ತೀನಿ."

"ಸೊಂಟ ಹಿಡ್ಕೊಂಡೋಳು ಕ್ಯಾರವಾನ್ ಎಳ್ಕೊಂಡು ಹೋಗ್ತಾಳಂತೆ!"

ನೋಲೀನ್ ನಗಲಿಲ್ಲ. "ನೀನು ಬೆರಳೆತ್ತಿದ್ದು ನೀರಿನ ಟ್ಯಾಂಕಿಗೆ, ಮರ್ವ್."

ಮರ್ವಿನ್ ವೇಗ ತಗ್ಗಿಸಿದ. ಸ್ವಲ್ಪ ದೂರ ಹೋಗಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಇಳಿದು, ಕಾದ ಬಾನೆಟ್ಟಿನ ಮೇಲೆ ಕೈಯಿಟ್ಟು ಸವರಿಕೊಂಡೇ ಸುತ್ತಿ ಬಂದು ಅವಳ ಸೀಟಿನಲ್ಲಿ ಕುಸಿದ. ಬಹಳ ದಿನದಿಂದ ಒಬ್ಬನೇ ಹೊತ್ತಿದ್ದ ಭಾರವನ್ನು ಇಳಿಸಿದವನಂತೆ ಉಸಿರು ಬಿಟ್ಟ. ನೋಲೀನ್ ಸೀಟನ್ನು ಮುಂದಕ್ಕೆಳೆದುಕೊಂಡು ಗಾಡಿ ಹೊರಡಿಸಿದಳು. ಬೆನ್ನ ಹಿಂದೆ ಕ್ಯಾರವಾನ್ ಜಗ್ಗಿದಾಗ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಮರ್ವಿನ್ ಕಣ್ಣು ಕಿರಿದು ಮಾಡಿಕೊಂಡು ಮುಂದಿನ ರಸ್ತೆಯತ್ತ ನೋಡಿದ.

"ಯಾರಾದ್ರೂ ಎದುರು ಬಂದ್ರೆ ಹೇಳು, ನೋಲ್. ಬೆರಳಾದ್ರೂ ನಾನೆತ್ತುತ್ತೀನಿ."